ಅನ್ನವ್ವನ ಗಾಳಿಗಿಡ

ಹೊಸ್ತಿಲ ಮೇಲೆ ಎತ್ತಿದ ಕಾಲನ್ನು ಹಾಲವ್ವ ಮತ್ತೆ ಹಿಂದಕ್ಕೆ ತೆಗೆದುಕೊಂಡಳು. ಬೀಗ ತೆಗೆದಾಗಿತ್ತು, ಬಾಗಿಲು ತೆರೆದಾಗಿತ್ತು, ಕೈಯಲ್ಲಿ ತುಂಬಿದ ತಂಬಿಗೆ ಇತ್ತು. ಎದುರಿನ ಮೂಲೆಯಲ್ಲಿ, ಉಸುಕು ತುಂಬಿದ ಬಕೆಟ್ಟಿನೊಳಗೆ, ಸರ್ವೆ ಎಂದೂ ಕರೆಯುವ ಗಾಳಿಗಿಡದ ಆಳೆತ್ತರದ ಟೊಂಗೆ ಹಸಿರಾಗಿ ನಿಂತಿತ್ತು. ನಾಲ್ಕು ಹೆಜ್ಜೆ ಒಳಗೆ ಹೋಗಿ, ಬಗ್ಗಿ, ಬಕೆಟ್ಟಿಗೆ ನೀರು ಹಾಕಿ ಬಂದರೆ ಮುಗಿಯುವ ಕೆಲಸ. ಅವಳು ಹೊರಗೇ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಂಬಿಗೆ ಬೀಸಿ ನೀರೆರಚಿದಳು. ಅರ್ಧ ಟೊಂಗೆಗೆ ಬಿತ್ತು, ಅರ್ಧ ನೆಲಕ್ಕೆ. ಮಳೆಯೂ ಮೇಲಿಂದಲೇ ಬೀಳುತ್ತದಲ್ಲ, ಗಿಡವೇನು ಬೇಡ ಅನ್ನುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡು ಬೀಗ ಹಾಕಿದಳು.

ಅದು ಶಿಗ್ಗಾಂವದ ದವಾಖಾನೆಯ ನರ್ಸು ಅನ್ನವ್ವನ ಮನೆ. ಹಾಲವ್ವನ ಹಿತ್ತಲಿಗೂ ಆ ಮನೆಗೂ ನಡುವೆ ಒಂದು ಬೇಲಿ, ಅಷ್ಟೇ. ರಾಜ್ಯ ಒಂದಾದ ಮರುವರ್ಷ ಅನ್ನವ್ವ ಬೆಟಗೇರಿಯಿಂದ ವರ್ಗವಾಗಿ ಬಂದಿದ್ದಳು. ಅಜ್ಜನ ಕಾಲಕ್ಕೆ ಹೊಲೆಯರ ಕೇರಿ ಬಿಟ್ಟು ಏಸುವಿನ ಮತಕ್ಕೆ ಸೇರಿದ ಮನೆತನ ಎಂಬುದು ಅವಳ ಟ್ರಂಕು ಗಾಡಿಯಿಂದ ಇಳಿಯುವ ಮೊದಲೇ ಓಣಿಗೆಲ್ಲ ಗೊತ್ತಾಗಿತ್ತು. ಹಾಲವ್ವ ಕೆಟ್ಟವಳೇನಲ್ಲ. ಬೇಲಿಯಾಚೆಯಿಂದ ಸುಖದುಃಖ ಮಾತಾಡುತ್ತಿದ್ದಳು, ಹಿತ್ತಲ ಬದನೆಕಾಯಿ ಕೊಡುತ್ತಿದ್ದಳು. ಕೊಡುವುದೆಂದರೆ ಬೇಲಿಯ ಪಕ್ಕದ ಕಲ್ಲಿನ ಮೇಲಿಟ್ಟು ಹಿಂದೆ ಸರಿಯುವುದು. ನೀರು ಕೇಳಿದರೆ ತಂಬಿಗೆಯನ್ನು ಎತ್ತಿ ಹಿಡಿದು ಬೊಗಸೆಗೆ ಸುರಿಯುತ್ತಿದ್ದಳು. ಇಬ್ಬರಿಗೂ ಅದು ರೂಢಿಯಾಗಿ ಹೋಗಿತ್ತು.

ಕ್ರಿಸ್‌ಮಸ್ ಹತ್ತಿರ ಬಂದಾಗ ದುಂಡಸಿಯಿಂದ ಗಾಡಿ ಬಂತು. ಹಾಲವ್ವನ ಮಗಳು ಸರೋಜವ್ವನಿಗೆ ಗಂಡನ ಮನೆಯಲ್ಲೇ ಬ್ಯಾನೆ ಎದ್ದಿತ್ತು. ಕೂಸು ಅಡ್ಡ ತಿರುಗಿದೆ ಎಂದು ಊರಿನ ಸೂಲಗಿತ್ತಿ ಕೈಚೆಲ್ಲಿದ್ದಳು. ಹಾಲವ್ವ ಹೋಗುವಂತಿರಲಿಲ್ಲ. ಗಂಡ ಕುಬೇರಪ್ಪ ಲಕ್ವ ಹೊಡೆದು ಮಂಚ ಹಿಡಿದಿದ್ದ, ತುತ್ತು ಬಾಯಿಗಿಡಲೂ ಅವಳೇ ಬೇಕು. ಅವಳು ಬೇಲಿಯ ಹತ್ತಿರ ಓಡಿದಳು.

"ನರ್ಸಬಾಯಾರ, ನನ್ನ ಮಗಳನ್ನ ಉಳಿಸಿಕೊಡ್ರಿ. ನಿಮ್ಮ ಹಬ್ಬ ಐತಿ, ಗೊತ್ತೈತಿ ನನಗ."

ದವಾಖಾನೆಯ ಡಾಕ್ಟರ ಬಂಗಲೆಯ ಮಾಲಿ ಹಬ್ಬಕ್ಕೆ ಸಿಂಗರಿಸಲೆಂದು ಕೊಯ್ದು ಕೊಟ್ಟ ಟೊಂಗೆಯನ್ನು ಅನ್ನವ್ವ ಆಗಷ್ಟೇ ಬಕೆಟ್ಟಿನಲ್ಲಿ ನಿಲ್ಲಿಸಿದ್ದಳು. ಕೈ ಒರೆಸಿಕೊಂಡು ಚೀಲ ತೆಗೆದುಕೊಂಡಳು. ಗಾಡಿ ಹತ್ತುವ ಮೊದಲು ಬೀಗದಕೈಯನ್ನು ಬೇಲಿಯ ಕಲ್ಲಿನ ಮೇಲಿಟ್ಟಳು.

"ಹಾಲವ್ವಾರ, ಒಂದ ಕೆಲಸ ಮಾಡ್ರಿ. ದಿನಾ ಆ ಬಕೀಟಿಗೆ ಒಂದ ತಂಬಗಿ ನೀರ ಹಾಕ್ರಿ. ಬುಡಕ್ಕ ಹಾಕಬೇಕ್ರಿ. ಕೊಯ್ದ ಬುಡ ಒಮ್ಮೆ ಒಣಗಿತಂದ್ರ ಅದರ ಬಾಯಿ ಮುಚ್ಚಿ ಹೊಕ್ಕೈತಿ, ಆಮ್ಯಾಲ ಕೊಡಗಟ್ಲೆ ಸುರುವಿದ್ರೂ ಕುಡಿಯಂಗಿಲ್ಲ. ಹೊಸ ವರ್ಷಕ್ಕ ನಮ್ಮವ್ವ ಬರಾಕಿ ಅದಾಳ. ಇಲ್ಲಿ ನಾ ಒಬ್ಬಾಕೀನ ಹೆಂಗ ಅದೇನಿ ಅಂತ ಅಕಿಗೆ ಚಿಂತಿ. ಗಿಡ ಹಸರ ಇದ್ರ, ಮಗಳು ಅರಾಮದಾಳ ಅಂತ ತಿಳಕೊತಾಳ."

"ಅಷ್ಟ ಹೌದಲ್ರಿ, ಹಾಕ್ತೇನಿ. ನೀವು ಚಿಂತಿ ಮಾಡಬ್ಯಾಡ್ರಿ."

ಹಾಗೆ ಮಾತು ಕೊಟ್ಟವಳು ದಿನವೂ ತಪ್ಪದೆ ಬಂದಳು, ದಿನವೂ ಹೊರಗೇ ನಿಂತು ಎರಚಿದಳು. ಒಳಗೆ ಕಾಲಿಟ್ಟರೆ ತಲೆಗೆ ನೀರು ಹಾಕಿಕೊಳ್ಳಬೇಕು, ಸೀರೆ ಬದಲಿಸಬೇಕು, ಅಷ್ಟು ಹೊತ್ತು ಕುಬೇರಪ್ಪನನ್ನು ಯಾರು ನೋಡಬೇಕು? ನೆಪಕ್ಕೇನು ಬರ. ಬ್ಯಾನೆ ಬಂದು ಬಂದು ನಿಲ್ಲುತ್ತಿದೆ, ನರ್ಸಬಾಯಿ ಮಗ್ಗಲು ಬಿಟ್ಟು ಎದ್ದಿಲ್ಲ ಎಂದು ನಡುವೆ ಒಂದು ಸುದ್ದಿ ಬಂತು. ಆ ದಿನ ಹಾಲವ್ವ ಎರಡು ತಂಬಿಗೆ ಎರಚಿದಳು. ಮಬ್ಬು ಕೋಣೆಯಲ್ಲಿ ಗಿಡ ಅವಳಿಗೆ ಹಸಿರಾಗಿಯೇ ಕಂಡಿತು, ಇಲ್ಲವೆ ಹಸಿರೆಂದೇ ಅವಳು ನೋಡಿದಳು.

ಹಬ್ಬದ ದಿನ ಮಧ್ಯಾಹ್ನ ಗಾಡಿ ಹೊಡೆಯುವ ನೀಲಪ್ಪ ಬಂದ.

"ಗಂಡು ಕೂಸರಿ ಅವ್ವಾರ. ತಾಯಿ ಕೂಸು ಇಬ್ರೂ ಉಳಕೊಂಡಾರ. ರಕ್ತ ಭಾಳ ಹೋತಂತ್ರಿ. ಆ ನರ್ಸಬಾಯಿ ಕೈ ಹಾಕಿ ಕೂಸಿನ್ನ ತಿರುವಿ ತಗದ್ಲಂತ. ಇನ್ನೂ ಅಲ್ಲೇ ಸರೋಜಕ್ಕಾರ ಕೈ ಹಿಡ್ಕೊಂಡ ಕುಂತಾಳ್ರಿ. ನಾಳೆ ಕರಕೊಂಡ ಬರ್ತೇನಿ."

ಹಾಲವ್ವ ದೇವರ ಮುಂದೆ ಸಕ್ಕರೆ ಇಟ್ಟು ಕೈಮುಗಿದಳು. ಮುಗಿದ ಕೈ ಇಳಿಸುವಾಗ ಅನ್ನವ್ವ ನೆನಪಾದಳು. ಆ ಹೆಣ್ಣುಮಗಳ ಕೈ ತನ್ನ ಮಗಳ ಹೊಟ್ಟೆಯೊಳಗೆ ಹೋಗಿ ಮೊಮ್ಮಗನನ್ನು ತಂದಿದೆ. ತಾನು ಅವಳ ಮನೆಯೊಳಗೆ ನಾಲ್ಕು ಹೆಜ್ಜೆ ಹೋಗಲಿಲ್ಲ. ತುಂಬಿದ ಕೊಡವನ್ನೇ ಎತ್ತಿಕೊಂಡು ಹೊರಟಳು. ಈ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ.

ಹತ್ತಿರ ಹೋದಾಗ ಕಂಡಿತು, ಗಿಡ ಕಂದಿ ಕೆಂಪಾಗಿತ್ತು. ಬಕೆಟ್ಟಿನ ಉಸುಕು ಕಣಕಣವಾಗಿ ಒಣಗಿತ್ತು. ಕೊಡ ಬಗ್ಗಿಸಿದಳು. ಉಸುಕು ತನಗೆ ಬೇಕಾದಷ್ಟು ಹೀರಿಕೊಂಡಿತು, ಮೇಲಿನ ನೀರು ನಿಂತಲ್ಲೇ ನಿಂತಿತು. ಇಳಿದೀತೆಂದು ಬಹಳ ಹೊತ್ತು ಕಾದಳು. ಮುಟ್ಟಿದರೆ ದಾರದಂಥ ಎಲೆಗಳು ಸೀರೆಯ ತುಂಬ ಉದುರಿದವು. ಗೋಡೆಯ ಮೊಳೆಗೆ ಬಣ್ಣದ ಕಾಗದದ ನಕ್ಷತ್ರ ತೂಗುತ್ತಿತ್ತು, ಗಿಡಕ್ಕೆ ಕಟ್ಟಲೆಂದು ಅನ್ನವ್ವ ಅದಕ್ಕೆ ದಾರವನ್ನೂ ಪೋಣಿಸಿದ್ದಳು. ಹಾಲವ್ವನಿಗೆ ಅಲ್ಲೇ ಕುಕ್ಕರಿಸಿ ಅತ್ತುಬಿಡಬೇಕು ಅನ್ನಿಸಿತು. ಮನೆಗೆ ಬಂದವಳು, ನಾಚಿಕೆಯ ಮಾತೆಂದರೆ, ಮೊದಲು ತಲೆಗೆ ನೀರು ಹಾಕಿಕೊಂಡಳು. ಹಾಕಿಕೊಳ್ಳುತ್ತಲೇ ತನ್ನನ್ನು ತಾನು ಬೈದುಕೊಂಡಳು.

ಮರುದಿನ ಸಂಜೆ ಅನ್ನವ್ವ ಗಾಡಿಯಿಂದಿಳಿದಳು. ಕಣ್ಣು ಗುಳಿಬಿದ್ದಿದ್ದವು, ಸೀರೆಯಂಚಿಗೆ ರಕ್ತದ ಕಲೆ ಒಣಗಿತ್ತು.

"ಸರೋಜಾ ಇವತ್ತ ಗಂಜಿ ಕುಡದ್ಲರಿ ಹಾಲವ್ವಾರ. ಮೊಮ್ಮಗಗ ನಿಮ್ಮದ ಹಣಿ ಬಂದೈತಿ," ಎಂದು ಕಲ್ಲಿನ ಮೇಲಿದ್ದ ಬೀಗದಕೈ ತೆಗೆದುಕೊಂಡು ಬಾಗಿಲು ತೆರೆದಳು.

ತೆರೆದವಳು ಹಾಗೇ ನಿಂತಳು. ಗಿಡ ನೋಡಿದಳು, ತುಂಬಿದ ಬಕೆಟ್ಟು ನೋಡಿದಳು, ಆಮೇಲೆ ನೆಲ ನೋಡಿದಳು. ಸಾರಿಸಿದ ನೆಲದ ಮೇಲೆ ನೀರಿನ ಕಲೆ ಹೊಸ್ತಿಲಿನಿಂದಲೇ ಶುರುವಾಗಿ ಗಿಡದ ತನಕ ಹೋಗಿತ್ತು. ಹಾಲವ್ವ ಬೇಲಿಯ ಹತ್ತಿರಕ್ಕೆ ಬಂದಳು.

"ನರ್ಸಬಾಯಾರ, ತಪ್ಪ ಮಾಡೇನಿ ನಾ. ನೀವು ಹೇಳಿದಂಗ ಬುಡಕ್ಕ ಹಾಕಲಿಲ್ಲ. ಹೊರಗ ನಿಂತ..."

"ಇರ್ಲಿ ಬಿಡ್ರಿ. ಅವ್ವಗ ಏನರ ಹೇಳ್ತೇನಿ." ಅನ್ನವ್ವ ಬಾಗಿಲು ಬಿಟ್ಟು ಬೇಲಿಯ ಹತ್ತಿರ ಬಂದಳು. "ಭಾಳ ನೀರಡಿಕಿ ಆಗೇತ್ರಿ. ಒಂದೀಟು ನೀರ ಕೊಡ್ತೀರೇನು?"

ಹಾಲವ್ವ ಒಳಗೋಡಿ, ಹಬ್ಬಕ್ಕಷ್ಟೇ ತೆಗೆಯುವ ಹಿತ್ತಾಳೆಯ ತಂಬಿಗೆಯನ್ನು ತುಂಬಿಕೊಂಡು ಬಂದಳು. ಇವತ್ತು ಕೈಗೇ ಕೊಡಬೇಕು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಬೇಲಿಯ ಮೇಲಿಂದ ಎರಡೂ ಕೈಯಲ್ಲಿ ಮುಂದೆ ಚಾಚಿದಳು. ಅನ್ನವ್ವ ಆಗಲೇ ಬಗ್ಗಿ ಬಾಯಿಗೆ ಬೊಗಸೆ ಹಿಡಿದಿದ್ದಳು.

"ತಂಬಗಿ ಹಿಡ್ಕೊಳ್ರಿ ನರ್ಸಬಾಯಾರ."

ಅನ್ನವ್ವ ತಲೆ ಎತ್ತಲಿಲ್ಲ. "ಬ್ಯಾಡ್ರಿ ಹಾಲವ್ವಾರ. ಮತ್ತ ನಿಮಗ ಅದನ್ನ ಹುಣಸಿಹಣ್ಣ ಹಚ್ಚಿ ಬೆಳಗೂ ಕೆಲಸ. ಹಂಗ ಸುರುವ್ರಿ."

ಮಾತಿನಲ್ಲಿ ಕೊಂಕಿರಲಿಲ್ಲ, ದಣಿವಷ್ಟೇ ಇತ್ತು. ಹಾಲವ್ವ ಸುರಿದಳು. ಸುರಿಯುತ್ತ ಕೈ ಇಳಿಸಿದಳು, ಇನ್ನಷ್ಟು ಇಳಿಸಿದಳು. ಅನ್ನವ್ವ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು, ನೀರು ಅವಳ ಮೊಣಕೈಯಿಂದ ಇಳಿದು ಬೇಲಿಯ ಬುಡಕ್ಕೆ ಬೀಳುತ್ತಿತ್ತು. ತಂಬಿಗೆ ಬರಿದಾದಾಗಲೂ ಅದರ ಬಾಯಿಗೂ ಆ ಬೊಗಸೆಗೂ ನಡುವೆ ಒಂದು ಬೆರಳಷ್ಟು ಜಾಗ ಉಳಿದೇ ಇತ್ತು.