ಹೊಡೆದುಹಾಕಿದ ಸಾಲು

ದೇವದುರ್ಗದಿಂದ ಬಸ್ಸು ಹತ್ತಿ ರಾಯಚೂರಿಗೆ ಬಂದು ಡಿಟಿಪಿ ಮಾಡಿಸುವವರು ಯಾರ್ರೀ? ಅಲ್ಲೇನು ಅಂಗಡಿಗಳಿಲ್ಲವೇ? ನಿವೃತ್ತ ಮೇಷ್ಟ್ರು ವಿರೂಪಣ್ಣನವರ ಮೇಲೆ ಮೊದಲ ದಿನವೇ ನನಗೆ ಗುಮಾನಿ ಬಂತು. ತೀನ್ ಕಂದೀಲ್ ಚೌಕದ ನನ್ನ ಅಂಗಡಿಗೇ ಬರಬೇಕು, ನನ್ನ ಪಕ್ಕದಲ್ಲೇ ಕೂಡಬೇಕು, ಕಂಪ್ಯೂಟರ್ ಪರದೆ ಬಿಟ್ಟು ನನ್ನ ಮುಖ ನೋಡಬೇಕು. ಮುದುಕನ ಬುದ್ಧಿ ನೆಟ್ಟಗಿಲ್ಲ ಅಂದುಕೊಂಡೆ.

ಅವರದು ಮಾಯಾಲೋಕದ ಕಾದಂಬರಿ. ವಜ್ರಕೇತು ಎಂಬ ರಾಜಕುಮಾರ, ಮಾತಾಡುವ ಖಡ್ಗ, ಮೂರು ತಲೆಯ ಹದ್ದು. ಹತ್ತೊಂಬತ್ತನೇ ಅಧ್ಯಾಯದಲ್ಲಿ ಮಾಟಗಾತಿ ನದಿಯನ್ನು ಉಕ್ಕಿಸುತ್ತಾಳೆ. ನೀರಿಗೆ ಬಿದ್ದವನೊಬ್ಬ ತುಂಬಿದ ನಾವೆಯ ಅಂಚಿಗೆ ಜೋತುಬೀಳುತ್ತಾನೆ. ನಾವೆ ಮಗುಚುವಂತಾದಾಗ ವಜ್ರಕೇತು ಹುಟ್ಟುಗೋಲಿನಿಂದ ಅವನ ಕೈಗೆ ಹೊಡೆಯುತ್ತಾನೆ.

"ಭಾಗ್ಯಜ್ಯೋತಿ, ಇವ ಇನ್ನಾ ಹೀರೋ ಅದಾನೇನವ್ವ? ಇಲ್ಲಾ ರಾಕ್ಷಸ ಆದ್ನ?" ಎಂದರು ಮೇಷ್ಟ್ರು.

"ಅದರಾಗ ಕೇಳೋದೇನದರೀ? ರಾಕ್ಷಸನ."

ಮೇಷ್ಟ್ರು ತಲೆ ತಗ್ಗಿಸಿದರು. ನಾನು ಮುಂದಿನ ಸಾಲು ಓದಿದೆ. ಅಂಚು ಹಿಡಿದ ಆ ಎಡಗೈಗೆ ನಾಲ್ಕೇ ಬೆರಳು.

ಕೀಲಿಮಣೆಯ ಮೇಲೆ ನನ್ನ ಕೈ ನಿಂತಿತು. ನಮ್ಮಪ್ಪನ ಎಡಗೈಗೂ ನಾಲ್ಕೇ ಬೆರಳು. ಮೇವು ಕತ್ತರಿಸುವಾಗ ಒಂದು ಹೋಗಿತ್ತು. ನಾನು ಎರಡು ವರ್ಷದವಳಿದ್ದಾಗ ಚೀಕಲಪರ್ವಿಯ ಹತ್ತಿರ ಹರಿಗೋಲಿನಲ್ಲಿ ಹೊಳೆ ದಾಟುವಾಗ ಅಪ್ಪ ನೀರುಪಾಲಾದ. ನಾನು ಅವ್ವನ ತೊಡೆಯ ಮೇಲಿದ್ದೆನಂತೆ. "ಹರಗೋಲಕ್ಕ ಭಾರ ಆತಂತ ನಿಮ್ಮಪ್ಪ ತಾನ ಕೈ ಬಿಟ್ಟ" ಎನ್ನುತ್ತಾಳೆ ಅವ್ವ, ಇವತ್ತಿಗೂ.

"ನೀವು ಆ ಹರಗೋಲದಾಗ ಇದ್ರೇನ್ರೀ?"

"ಹುಟ್ಟು ನನ್ನ ಕೈಯಾಗಿತ್ತವ್ವ. ಬದುಕಿದ ಕೂಸು ಹೆಂಗ ಬೆಳದದ ನೋಡಬೇಕಿತ್ತು. ಖರೇನೂ ಹೇಳಬೇಕಿತ್ತು."

"ಏಳ್ರಿ! ನಡೀರಿ ಹೊರಗ!" ಮೇಷ್ಟ್ರು ಎದ್ದುಹೋದರು.

ಅವರ ಕೈಬರಹದ ಹಾಳೆ ಹರಿದು ಬಿಸಾಡಬೇಕೆಂದು ಎತ್ತಿದೆ. ಬಾಗಿಲ ಬಿಸಿಲಿಗೆ, ಅಡ್ಡಗೆರೆ ಎಳೆದು ಹೊಡೆದುಹಾಕಿದ ಒಂದು ಸಾಲು ಕಂಡಿತು. ಇದ್ಯಾಕೆ ಮುಚ್ಚಿಟ್ಟ ಈ ಮುದುಕ ಎಂದು ಕಣ್ಣು ಕಿರಿದಾಗಿಸಿ ಓದಿದೆ.

'ನೀರಿಗೆ ಬಿದ್ದವನ ಹೆಂಡತಿ ಮಗಳನ್ನು ಎದೆಗವಚಿಕೊಂಡು ವಜ್ರಕೇತುವಿನ ಕಡೆ ತಿರುಗಿ, ಹೊಡಿ, ಎಂದಳು.'

ಇಡೀ ಕಾದಂಬರಿಯಲ್ಲಿ ಎಲ್ಲರೂ ಗ್ರಂಥದ ಕನ್ನಡ ಮಾತಾಡುತ್ತಾರೆ. ಅದೊಂದು 'ಹೊಡಿ' ಮಾತ್ರ ನಮ್ಮ ಮನೆಯ ಮಾತು.

ಓಡಿದೆ. ಮೇಷ್ಟ್ರು ಆಟೋಗೆ ಕೈ ಮಾಡುತ್ತಿದ್ದರು.

"ಈ ಸಾಲು ಯಾಕ ಹೊಡದ್ ಹಾಕೀರಿ?"

ಅವರು ಎತ್ತಿದ ಕೈ ಇಳಿಸಿದರು. "ಅದನ್ನ ಓದಿದೇನವ್ವ? ನೀ ಓದಬಾರದಿತ್ತು. ಬಿಟ್ಟುಬಿಡು. ಓದೋರು ರಾಕ್ಷಸ ಅನ್ನೋದಿದ್ರ ವಜ್ರಕೇತು ಒಬ್ಬಂಗ ಅನ್ಲಿ."

ಸಂಜೆ ಮಾನ್ವಿಯಿಂದ ಅವ್ವನ ಫೋನು. "ಚಾ ಕುಡದೇನ?"

"ಕುಡದೆ. ಅವ್ವಾ... ಅಪ್ಪ ತಾನ ಕೈ ಬಿಟ್ಟಿದ್ದ, ಹೌದಲ್ಲ?"

ಅತ್ತ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ಹೂಂ. ತಾನ ಬಿಟ್ಟ."

ನಾನೂ ಹೂಂ ಅಂದೆ. ಫೋನಿಟ್ಟು ಮನಸಾರೆ ಅತ್ತೆ. ಆಮೇಲೆ ಹತ್ತೊಂಬತ್ತನೇ ಅಧ್ಯಾಯ ಟೈಪ್ ಮಾಡಿದೆ, ಆ ಸಾಲನ್ನು ಬಿಟ್ಟು.