ಕಾರ್ಡು ಮೂರು, ಪೋರ್ಟು ಏಳು

ಒಂದು ಕೇಬಲ್ ಕೆಟ್ಟು ಆಸ್ಪತ್ರೆಯ ಇಡೀ ಕಂಪ್ಯೂಟರ್ ಜಾಲ ತಡವರಿಸುತ್ತಿತ್ತು. ಅದನ್ನು ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆಯಿಂದ ಕೀಳಬೇಕು; ಅದರಲ್ಲಿ ಒಂದರ ಕೆಳಗೊಂದು ಕಾರ್ಡು, ಪ್ರತಿ ಕಾರ್ಡಿನಲ್ಲಿ ಕೇಬಲ್ ಚುಚ್ಚುವ ಪೋರ್ಟುಗಳ ಸಾಲು. ತಪ್ಪಿ ಬೇರೊಂದನ್ನು ಕಿತ್ತರೆ ತೀವ್ರ ನಿಗಾ ಘಟಕದ ಮಾನಿಟರುಗಳು ಆರಿಹೋಗುತ್ತವೆ.

“ಕಾರ್ಡು ಮೂರು, ಪೋರ್ಟು ಏಳು. ಕೀಳಮ್ಮ,” ಎಂದು ಹಿರಿಯ ಇಂಜಿನಿಯರ್ ಫೋನಿನಲ್ಲಿ ಅವಸರಪಡಿಸಿದರು.

ಸ್ವಿಚ್ಚಿನ ಮುಂದಿದ್ದ ತಂತ್ರಜ್ಞೆ ಮೇಲಿನಿಂದ ಮೂರನೇ ಕಾರ್ಡಿಗೆ ಕೈಹಾಕಿದವಳು ತಟ್ಟನೆ ನಿಲ್ಲಿಸಿದಳು. “ಸಾರ್, ಇದರಲ್ಲಿ ಕಾರ್ಡುಗಳ ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ?”

“ಹಳೇ ಸ್ವಿಚ್ಚಲ್ಲಿ ಒಂದರಿಂದ ಇತ್ತು. ಕೀಳೋದಕ್ಕೆ ಕೇಬಲ್ಲಿನ ಅಪ್ಪಣೆ ಬೇಕಾ?”

“ಬೈದರೂ ಸರಿ, ಹೀಗೆ ಕೀಳಲ್ಲ. ಅಲ್ಲಿಂದಲೇ ಆ ಪೋರ್ಟಿನ ದೀಪ ಮಿನುಗಿಸಿ.”

ಕೀಲಿಮಣೆಯ ಸದ್ದು ಕೇಳಿತು. ಅವಳ ಬೆರಳ ಬಳಿಯ ದೀಪ ಬದಲಾಗಲಿಲ್ಲ. ಅದರ ಕೆಳಗಿನ ಕಾರ್ಡಿನಲ್ಲಿ ನೀಲಿ ದೀಪವೊಂದು ಮಿನುಗತೊಡಗಿತು.

“ಸೊನ್ನೆಯಿಂದ, ಸಾರ್. ಮೇಲಿಂದ ನಾಲ್ಕನೇ ಕಾರ್ಡು.”

ಅತ್ತಲಿಂದ ಇಂಜಿನಿಯರ್ ದನಿ ಮೆಲ್ಲಗೆ ಕೇಳಿತು: “ಇನ್ನೂ ಕಿತ್ತಿಲ್ಲ ತಾನೇ?”