ಎರಡಿಂಚು ಖಾಲಿ ಜಾಗ

ಸುಟ್ಟ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮೊದಲು ಹೇಳಿದವಳು ಬಾಣಂತಿ ಕೋಣೆಯಲ್ಲಿದ್ದ ಭವ್ಯಾ. ಬಚ್ಚಲೊಲೆಯದಿರಬೇಕು ಎಂದಳು ಅವಳ ತಾಯಿ ದುಗ್ಗಮ್ಮ. ತಂದೆ ಕೆರಿಯಪ್ಪ, ಹಸಿ ಸೌದೆ ಹಾಕಿದರೆ ಹಾಗೇ ಎಂದ. ಅಣ್ಣ ದಿನೇಶ್ ಎದ್ದು ಬಾಣಂತಿ ಕೋಣೆಗೆ ನಡೆದ. ಆ ಕೋಣೆಗೆ ಹೊಸ ಅಗ್ಗಿಷ್ಟಿಕೆ ಕೂರಿಸಿದವನು ಅವನೇ.

ಕೂರಿಸಲು ಕಾರಣವಿತ್ತು. ಭವ್ಯಾಳ ಮೊದಲ ಬಾಣಂತನದಲ್ಲಿ ಮಂಚದ ಕೆಳಗೆ ಕೆಂಡದ ಬಾಣಲೆ ಇಟ್ಟು ಬಾಗಿಲು ಕಿಟಕಿ ಮುಚ್ಚಿದ್ದರು. ಅವಳು ಪ್ರಜ್ಞೆ ತಪ್ಪಿದಳು. ಮುಚ್ಚಿದ ಕೋಣೆಯಲ್ಲಿ ಕೆಂಡದ ಗಾಳಿ ತಾಯಿ ಮಗು ಇಬ್ಬರನ್ನೂ ಕೊಲ್ಲುತ್ತಿತ್ತು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಬೈದಿದ್ದರು. ಈ ಸಲ ಕೆಂಡ ಬೇಡ ಎಂದು ಭವ್ಯಾ, ಬೆಂಕಿಯಿಲ್ಲದೆ ಎಂಥ ಬಾಣಂತನ ಎಂದು ದುಗ್ಗಮ್ಮ. ಹೊಸನಗರದಲ್ಲಿ ತಗಡು, ಅಲ್ಯೂಮಿನಿಯಂ ಕೆಲಸ ಮಾಡುವ ದಿನೇಶ್ ಇಬ್ಬರ ನಡುವೆ ಇದನ್ನು ತಂದಿಟ್ಟ. ಕಾರ್ಖಾನೆಯಲ್ಲೇ ಸಿದ್ಧವಾಗಿ ಬರುವ ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಗಾಜಿನ ಬಾಗಿಲು. ಪೈಪಿನೊಳಗೆ ಪೈಪು ಇರುವ ಚಿಮಣಿ. ತುಂಡುಗಳನ್ನು ತಿರುಗಿಸಿ ಸೇರಿಸುತ್ತ ಹೋದರೆ ಹಲಗೆಯ ಮುಚ್ಚಿಗೆ ದಾಟಿ, ಅಟ್ಟ ದಾಟಿ, ಹೆಂಚಿನ ಮೇಲೆ ತಲೆ ಎತ್ತುತ್ತದೆ. ಹುಲಿಕಲ್ಲಿನ ರೆಸಾರ್ಟೊಂದರಲ್ಲಿ ಇಂಥದ್ದನ್ನೇ ಕೂರಿಸುವಾಗ ಅವನು ಜೊತೆಗಿದ್ದ.

ಆದ್ದರಿಂದ ವಾಸನೆ ಬಂದಾಗ ಅವನು ತನ್ನ ಕೆಲಸವನ್ನೇ ಅನುಮಾನಿಸಿದ. ಊದುಬತ್ತಿ ಹಚ್ಚಿ ಪ್ರತಿ ಕೀಲಿನ ಬಳಿ ಹಿಡಿದ. ಎಲ್ಲೂ ಸೋರುತ್ತಿರಲಿಲ್ಲ. ಗಾಜಿನ ಬಾಗಿಲು ತೆರೆದರೆ ಊದುಬತ್ತಿಯ ಹೊಗೆಯನ್ನು ಪೆಟ್ಟಿಗೆ ಒಳಕ್ಕೇ ಎಳೆದುಕೊಂಡಿತು. ಅಂಗಳದಿಂದ ನೋಡಿದರೆ ಚಿಮಣಿಯ ಹೊಗೆ ನೆಟ್ಟಗೆ ಏರುತ್ತಿತ್ತು. ಎಲ್ಲ ಸರಿ ಇತ್ತು, ವಾಸನೆಯೂ ಇತ್ತು. ಈಗ ಅದರೊಂದಿಗೆ ಊದುಬತ್ತಿಯದೂ ಸೇರಿ ಮೂಗಿಗೆ ಏನೂ ತಿಳಿಯದಾಯಿತು.

ಪೆಟ್ಟಿಗೆ ಮಾರಿದ ಶಿವಮೊಗ್ಗದ ರವೀಂದ್ರನಿಗೆ ಫೋನು ಮಾಡಿದ. ಪೈಪಿಗೂ ಮರಕ್ಕೂ ನಡುವೆ ಎರಡಿಂಚು ಖಾಲಿ ಇದೆ ತಾನೆ ಎಂದು ಅವನು ಕೇಳಿದ. ಇದೆ, ನಾನೇ ಕೊಯ್ದದ್ದು ಎಂದ ದಿನೇಶ್. ಹಾಗಾದರೆ ಅಟ್ಟದಲ್ಲಿ ಆ ಜಾಗಕ್ಕೆ ಏನೂ ಬೀಳದಂತೆ ತಗಡಿನ ಬಳೆ ಹಾಕಿದ್ದೀರಾ?

ದಿನೇಶ್ ಹಾಕಿರಲಿಲ್ಲ. ರೆಸಾರ್ಟಿನದು ಸಿಮೆಂಟಿನ ಸೂರು, ಅಟ್ಟವೇ ಇರಲಿಲ್ಲ. ಪೆಟ್ಟಿಗೆಯ ಜೊತೆ ಬಂದ ಬಳೆಯನ್ನು ಅಲ್ಲಿನ ಮೇಸ್ತ್ರಿ ಮೂಲೆಗೆ ಎಸೆದಿದ್ದ. ಹಾಗಾಗಿ ಇಲ್ಲಿಯೂ ಅದು ಹೆಚ್ಚುವರಿ ಎಂದುಕೊಂಡಿದ್ದ. ಬೆಳಿಗ್ಗೆ ಮುಖ ತೊಳೆಯುವಾಗ ಇಲ್ಲಿನ ಬಳೆಯನ್ನು ನೋಡಿದ್ದ ಕೂಡ. ದುಗ್ಗಮ್ಮ ಅದನ್ನು ಬಚ್ಚಲಲ್ಲಿ ಕೊಡಕ್ಕೆ ಸಿಂಬೆ ಮಾಡಿಕೊಂಡಿದ್ದಳು.

ಏಣಿ ಹಾಕಿ ಅಟ್ಟ ಹತ್ತಿದ. ಪೈಪಿನ ಸುತ್ತ ಖಾಲಿ ಜಾಗವೇ ಇರಲಿಲ್ಲ. ಕೆಮ್ಮಣ್ಣು ತುಂಬಿ, ಅಂಗೈಯಲ್ಲಿ ಒತ್ತಿ, ಮೇಲೆ ಸಗಣಿ ಸಾರಿಸಿತ್ತು. ಅಚ್ಚುಕಟ್ಟಾದ ಕೆಲಸ. ಯಾರ ಕೈಯೆಂದು ಕೇಳಬೇಕಾಗಿರಲಿಲ್ಲ.

ಅವನು ಮೊದಲು ಕೆಳಗಿಳಿದು ಬೆಂಕಿ ಆರಿಸಿದ. ಭವ್ಯಾ ಮಗುವನ್ನೆತ್ತಿಕೊಂಡು ಜಗಲಿಗೆ ಹೋದಳು. ಕೆರಿಯಪ್ಪ ಮಗನ ಹಿಂದೆಯೇ ಅಟ್ಟ ಹತ್ತಿದ. ಅವನಿಗೆ ನಾಚಿಕೆಯೇನೂ ಆಗಲಿಲ್ಲ.

"ನೀನು ತೂತು ಬಿಟ್ಟು ಹೋಗಿದ್ದೆ ಮಾರಾಯ. ಮಗು ಮಲಗೋ ಕೋಣೆ, ಇಲಿ ಬೀಳ್ತದೆ, ಥಂಡಿ ಇಳಿತದೆ. ಬೆಂಕಿ ಪಕ್ಕ ಮರ ಇದ್ರೆ ನಡುವೆ ಮಣ್ಣು ಬೇಕಲ್ದಾ? ಅಡಿಗೆಮನೆ ಕಂಬ ನೋಡು."

ಅಡಿಗೆಮನೆಯ ಕಂಬ ದಿನೇಶನಿಗೆ ಗೊತ್ತಿತ್ತು. ಒಲೆಗೆ ಅಂಟಿಕೊಂಡಂತೆ ನಿಂತಿದೆ, ಮೈಗೆ ಮಣ್ಣು ಮೆತ್ತಿದೆ, ಅಜ್ಜಿಯ ಕಾಲದಿಂದ ಬೆಂಕಿ ತಾಗಿಲ್ಲ. ಆ ಗಳಿಗೆ ಅಪ್ಪ ಹೇಳುವುದೇ ಸರಿಯಿರಬಹುದು ಅನ್ನಿಸಿತು. ರವೀಂದ್ರ ಕಂಡವನೇ, ಈ ಮನೆಯನ್ನು? ಮಣ್ಣಿಗೆ ಉಮಿ ಹಾಕಿದ್ದೀಯಾ ಎಂದು ಅಪ್ಪನನ್ನು ಕೇಳಿದ. ಹಾಕದಿದ್ದರೆ ಬಿರುಕು ಬಿಡೋದಿಲ್ಲವಾ ಎಂದ ಕೆರಿಯಪ್ಪ.

ದಿನೇಶ್ ಉಳಿಯಿಂದ ಮಣ್ಣು ಕೆತ್ತಿದ. ಒಳಗೆ ಇನ್ನೂ ಬಿಸಿಯಿತ್ತು. ಪೈಪಿನ ಕಡೆಯ ಉಮಿ ಕಪ್ಪಾಗಿತ್ತು. ಹಲಗೆಯ ಅಂಚೂ ಕಪ್ಪು.

ಹೊಗೆ ತಿಂದ ಅಟ್ಟದಲ್ಲಿ ಯಾವ ಮರ ಕಪ್ಪಿಲ್ಲ ಎಂದ ಕೆರಿಯಪ್ಪ. ಆಚೆ ಮೂಲೆಯ ತೊಲೆ ತೋರಿಸಿದ. ಅದೂ ಕಪ್ಪು. ದಿನೇಶ್ ಟಾರ್ಚು ಹಾಕಿ ಇದನ್ನೂ ಅದನ್ನೂ ನೋಡಿದ. ಎರಡೂ ಒಂದೇ ಕಪ್ಪು. ಮಸಿಯೋ, ಸುಟ್ಟದ್ದೋ, ಕಣ್ಣಿಗೆ ವ್ಯತ್ಯಾಸ ಸಿಗಲಿಲ್ಲ. ಕೊನೆಗೆ ಮೂಲೆಯ ತೊಲೆಗೆ ಉಳಿಯ ತುದಿ ಒತ್ತಿದ. ಒಳಗೆ ಹೋಗಲಿಲ್ಲ. ಪೈಪಿನ ಪಕ್ಕದ ಹಲಗೆಗೆ ಒತ್ತಿದ. ಬೆರಳಿನಷ್ಟು ಇಳಿಯಿತು, ಇದ್ದಿಲ ಪುಡಿ ಉದುರಿತು.

ಕೆರಿಯಪ್ಪ ಉಳಿ ಕಸಿದುಕೊಂಡು ತಾನೇ ಒತ್ತಿ ನೋಡಿದ. ಬೇರೆ ಕಡೆ ಒತ್ತಿದ, ಅಲ್ಲಿಯೂ ಇಳಿಯಿತು. ಉಳಿ ಕೆಳಗಿಟ್ಟ.

"ಕೆಳಗೆ ಮಗು ಇತ್ತಲ್ಲ," ಎಂದ.

ಪೈಪಿನ ಶಾಖ ಮಣ್ಣಿನ ಮೂಲಕ ಮರಕ್ಕೆ ದಾಟಿತ್ತು. ಖಾಲಿ ಬಿಟ್ಟಿದ್ದರೆ ಗಾಳಿ ಅದನ್ನು ಹೊತ್ತೊಯ್ಯುತ್ತಿತ್ತು. ದಿನೇಶ್ ಇದನ್ನು ಮೂರು ಬಗೆಯಲ್ಲಿ ಹೇಳಿದ. ಕೆರಿಯಪ್ಪ ಮೂರಕ್ಕೂ ತಲೆಯಾಡಿಸಿದ, ಆದರೆ ಕಣ್ಣು ಅಡಿಗೆಮನೆ ಕಡೆಗೇ ಇತ್ತು. ಒಲೆ ಬೇರೆ, ಪೈಪು ಬೇರೆ ಎಂದರೆ ಬೆಂಕಿ ಎರಡು ಬಗೆಯದಾ ಎಂದು ಕೇಳಿದ. ದಿನೇಶ್ ಗರಗಸ ಎತ್ತಿಕೊಂಡ.

ಸುಟ್ಟ ಮರವನ್ನು ಗಟ್ಟಿ ಮರ ಸಿಗುವವರೆಗೂ ಕೊಯ್ದು ತೆಗೆದರು. ಪೈಪಿನ ಸುತ್ತ ಮುಚ್ಚಿಗೆಯ ಅಡಿಗೆ ಬಡಿದಿದ್ದ ತಗಡನ್ನು ಹೊಸ ಅಳತೆಗೆ ಮಾಡಿ ಬಡಿದರು. ಬಳೆಯನ್ನು ಬಚ್ಚಲಿಂದ ತಂದು ಹಾಕಿದರು. ನನ್ನ ಕೊಡ ವಾಲ್ತದೆ ಎಂದು ದುಗ್ಗಮ್ಮ ಗೊಣಗಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಉರಿಸಿ ನೋಡುವ ತನಕ ಕೋಣೆಗೆ ಬರುವುದಿಲ್ಲ ಎಂದು ಭವ್ಯಾ ಹೇಳಿದ್ದಳು. ಮಧ್ಯಾಹ್ನ ದಿನೇಶ್ ಒಣ ಸೌದೆ ಒಟ್ಟಿ ಹಚ್ಚಿದ. ಕೆರಿಯಪ್ಪ ಅಟ್ಟದಲ್ಲಿ ಹಲಗೆಯ ಅಂಚಿನ ಮೇಲೆ ಅಂಗೈ ಇಟ್ಟು ಕೂತ. ಭವ್ಯಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊಸಿಲಾಚೆ ನಿಂತಳು.

ಪೈಪು ಚಟಚಟ ಎಂದಿತು. ಸೌದೆ ಕೆಂಡವಾಯಿತು.

"ಮರ ತಣ್ಣಗಿದೆ ಕಣೆ," ಮೇಲಿಂದ ಕೆರಿಯಪ್ಪ ಹೇಳಿದ. "ಆದ್ರೆ ಹೆಂಗೆ ಅಂತ ತಲೆಗೆ ಹೋಗ್ತಿಲ್ಲ. ನಡುವೆ ಎಂತದೂ ಇಲ್ಲ, ಅದೇ ಕಾಯ್ತದೆ ಅಂದ್ರೆ?"

"ತಲೆಗೆ ಹೋಗ್ದಿದ್ರೂ ಅಡ್ಡಿಲ್ಲ ಅಪ್ಪ. ಅಲ್ಲಿಗೆ ಮಣ್ಣು ಹೋಗ್ದಿದ್ರೆ ಸಾಕು," ಎಂದಳು ಭವ್ಯಾ.

ಆಮೇಲೂ ಅವಳು ಹೊಸಿಲು ದಾಟಲಿಲ್ಲ. ಇನ್ನೊಂದಿಷ್ಟು ಸೌದೆ ಹಾಕು ಎಂದು ಅಣ್ಣನಿಗೆ ಹೇಳಿದಳು. ಕೈ ತೆಗೀಬೇಡ ಎಂದು ಅಪ್ಪನಿಗೂ ಹೇಳಿದಳು. ಕೆರಿಯಪ್ಪ ತೆಗೆಯಲಿಲ್ಲ.